ಬಚ್ಚಿ ಸೂರ್ಯನನ್ನು ಮುಳುಗಿಸಿದ ಸಂಜೆ

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟಿರದ ಕಾಲದಲ್ಲಿ, ಹೊಳೆ ಹೋಗಿ ಸಮುದ್ರ ಸೇರುವಲ್ಲಿ ಒಂದೂರಿತ್ತಂತೆ. ಆ ಊರಿನ ಗಾಡಿದಾರಿಯ ತಿರುವಿನಲ್ಲಿ ಬಚ್ಚಿ ಪೂಜಾರ್ತಿ ಎಂಬವಳ ಹೆಂಡದ ಗಡಂಗು ಇತ್ತಂತೆ. ಘಟ್ಟ ಹತ್ತುವವರು, ಘಟ್ಟ ಇಳಿಯುವವರು, ದೋಣಿ ಕಾಯುವವರು, ಹೆಂಡತಿಯ ಕಣ್ಣು ತಪ್ಪಿಸುವವರು, ಎಲ್ಲರೂ ನಿಲ್ಲುವುದು ಅಲ್ಲೇ.

ಬಚ್ಚಿಯ ಗಂಡ ಯಾರು ಎಂದು ಕೇಳಬೇಡಿ. ಒಬ್ಬನಿದ್ದನಂತೆ, ಇಬ್ಬರಿದ್ದರಂತೆ, ಇರಲೇ ಇಲ್ಲವಂತೆ. ನಾನಂತೂ ಇಬ್ಬರು ಅಂತಲೇ ಹೇಳುತ್ತಾ ಬಂದಿದ್ದೇನೆ.

ಗಡಂಗಿಗೆ ತಲೆಯ ಮೇಲೆ ತೆಂಗಿನ ಮಡಲಿನ ಮಾಡು, ಸುತ್ತ ಮಡಲಿನ ತಟ್ಟಿ. ಸಮುದ್ರ ದಡಕ್ಕೆ ಎಸೆದದ್ದೆಲ್ಲ ಒಳಗೆ ತೂಗುತ್ತಿತ್ತಂತೆ. ಒಡೆದ ಹಡಗಿನ ಮೂತಿಯಲ್ಲಿದ್ದ ಮರದ ಹೆಂಗಸು, ಬಲೆ ತೇಲಿಸುವ ಗಾಜಿನ ಗುಂಡು, ಯಾವುದೋ ದೊಡ್ಡ ಮೀನಿನ ಬೆನ್ನುಮೂಳೆ. ದಿನಾ ಬರುವವರಿಗೆ ಕುಡಿಯಲು ಅವರವರದೇ ತೆಂಗಿನ ಗೆರಟೆ. ಗೆರಟೆಯ ಮೇಲೆ ಕುಡಿಯುವವನ ಮುಖವನ್ನೇ ಬಚ್ಚಿ ಚೂರಿಯಲ್ಲಿ ಕೆತ್ತುತ್ತಿದ್ದಳಂತೆ. ಮಾಡಿಗೆ ಕಟ್ಟಿಟ್ಟರೆ ಊರಿನ ಮರ್ಯಾದಸ್ಥರ ತಲೆಗಳೆಲ್ಲ ಗಾಳಿಗೆ ಓಲಾಡುತ್ತಿದ್ದವಂತೆ. ಹೊಸಬರಿಗೆ ಒಂದು ಕಟ್ಟುಪಾಡು ಇತ್ತು. ಎಲ್ಲಿಂದ, ಎಲ್ಲಿಗೆ, ಯಾಕೆ, ಮೂರೂ ನಿಜ ಹೇಳಬೇಕು. ಆಮೇಲೆ ಹೆಂಡ.

ಒಂದು ಸೋಮವಾರ ಹೊತ್ತು ಇಳಿಯುವಾಗ ಒಂದು ಮದುವೆ ದಿಬ್ಬಣ ಬಂತಂತೆ. ಹೊಳೆಯಾಚೆಯ ದೇವಸ್ಥಾನದಲ್ಲಿ ಮದುವೆ. ನೀರು ಇಳಿದು ದೋಣಿ ಮರಳಿಗೆ ಕೂತಿತ್ತು. ಗಂಡಸರು ದೋಣಿ ನೋಡಲು ಹೋದರು. ಮದುಮಗಳು ಸೇಸಮ್ಮ, ಕಿವಿ ಕೇಳದ ಅವಳಜ್ಜಿ, ಇಬ್ಬರೂ ಬಿಸಿಲು ತಪ್ಪಿಸಲು ಗಡಂಗಿನ ಒಂದು ಮೂಲೆಯಲ್ಲಿ ಕೂತರು. ಅಜ್ಜಿ ಕೂತಲ್ಲೇ ಗೊರಕೆ.

ಮದುಮಗಳ ಅಪ್ಪ ನಾರ್ಣಪ್ಪಯ್ಯ? ಅವನು ಹೆಂಡದ ವಾಸನೆಗೇ ತಲೆ ಸುತ್ತುತ್ತದೆ ಎನ್ನುವ ಮನುಷ್ಯ. ಆದರೆ ಅವನ ಮುಖದ್ದೊಂದು ಗೆರಟೆ ಮೀಸೆ ಸಮೇತ ಮಾಡಿನಲ್ಲಿ ತೂಗುತ್ತಿತ್ತಂತೆ! ಮಗಳು ತಲೆಯೆತ್ತುವ ಮೊದಲೇ ಅದನ್ನು ಕಿತ್ತುಕೊಂಡು ಹಿಂದಿನ ತಟ್ಟಿಯ ಮರೆ ಸೇರಿದನಂತೆ.

ಬಚ್ಚಿ ಹುಡುಗಿಯನ್ನು ಮಾತಾಡಿಸಿದಳು. ಹುಡುಗಿ ತುಟಿ ಒತ್ತಿಕೊಂಡು ಸೂರ್ಯನನ್ನು ತೋರಿಸಿದಳು, ದೀಪ ಹಚ್ಚುವ ಹಾಗೆ ಕೈ ಮಾಡಿದಳು. ಬಚ್ಚಿಗೆ ಗೊತ್ತಾಯಿತು. ಒಳ್ಳೆ ಗಂಡ ಸಿಗಲಿ ಎಂದು ಹುಡುಗಿಯರು ಹಿಡಿಯುವ ಸೋಮವಾರದ ಮೌನವ್ರತ. ಸಂಜೆ ದೀಪ ಹಚ್ಚುವವರೆಗೆ ಮಾತಿಲ್ಲ.

ಅಷ್ಟರಲ್ಲಿ ಆಚೆ ದಡದಿಂದ ಒಬ್ಬ ಹುಡುಗ ಸೊಂಟದ ತನಕ ನೀರಿನಲ್ಲಿ ನಡೆದು ಬಂದನಂತೆ. ಹೊರಗೆ ಉಪ್ಪಿನ ಗಾಡಿಯವನು ಎತ್ತು ಕಟ್ಟುತ್ತಿದ್ದ. ಘಟ್ಟಕ್ಕೆ ನನ್ನನ್ನೂ ಕರಕೊಂಡು ಹೋಗು ಎಂದು ಅವನಿಗೆ ಹೇಳಿ, ಒಳಗೆ ಬಂದು ಹೆಂಡ ಕೇಳಿದ.

"ಮೊದಲು ನಿಜ ಹೇಳು ಮಾರಾಯ" ಎಂದಳು ಬಚ್ಚಿ.

ಹೇಳಿದ. ತಾನು ಅಂತಯ್ಯ, ನಾಳೆ ತನ್ನ ಮದುವೆ, ಹುಡುಗಿ ನಾರ್ಣಪ್ಪಯ್ಯನ ಮಗಳು. ಹೆಣ್ಣು ನೋಡಲು ಹೋದ ಸೋದರತ್ತೆ ಬಂದು ಹುಡುಗಿ ಮೂಕಿ ಎಂದಳಂತೆ. ಎದುರುತ್ತರ ಕೊಡದ ಸೊಸೆ ಸಿಗುವುದು ಪೂರ್ವಜನ್ಮದ ಪುಣ್ಯ ಎಂದು ಅವ್ವ ಕುಣಿದಳಂತೆ. "ಅವ್ವನಿಗೆ ಪುಣ್ಯ. ಮಾತಿಲ್ಲದ ಮನೆಯಲ್ಲಿ ಬದುಕು ಕಳೆಯಬೇಕಾದವನು ನಾನು. ಅದಕ್ಕೇ ಓಡುತ್ತಿದ್ದೇನೆ" ಎಂದ.

ಮೂಲೆಯಲ್ಲಿ ಕೂತ ಸೇಸಮ್ಮನ ಮುಖ ಸುಣ್ಣದಂತಾಯಿತು. ಈ ಗಾಡಿ ಹೊರಟರೆ ಅವಳು ಗಂಡು ಬಿಟ್ಟುಹೋದ ಹೆಣ್ಣು, ಮೇಲಿಂದ ಮೂಕಿ. ಬಾಯಿ ತೆರೆದರೆ ವ್ರತಭಂಗ. ಮರೆಯಲ್ಲಿದ್ದ ಅಪ್ಪ ಎದ್ದು ಕೂಗಿಬಿಡುತ್ತಿದ್ದ, ಆದರೆ ಕೈಯಲ್ಲಿ ಗೆರಟೆ, ಮೀಸೆಯಲ್ಲಿ ನೊರೆ!

"ಮೂಕಿಯಲ್ಲ ಕಣೋ, ವ್ರತ! ಅಗೋ, ಅಲ್ಲೇ ಕೂತಿದ್ದಾಳೆ" ಎಂದಳಂತೆ ಬಚ್ಚಿ.

ಅಂತಯ್ಯ ತಿರುಗಿ ನೋಡಿದ. ಹುಡುಗಿ ತುಟಿ ಬಿಚ್ಚಲಿಲ್ಲ. "ಹೆಂಡ ಮಾರುವವಳು ಕಾಗೆಯನ್ನೂ ಬೆಳ್ಳಗೆ ಎಂದಾಳು" ಎಂದು ಎದ್ದ.

ಸೂರ್ಯ ಇನ್ನೂ ಸಮುದ್ರದ ಮೇಲೆ ಆಳೆತ್ತರದಲ್ಲಿದ್ದ. ಆಗ ಬಚ್ಚಿ ಸೆರಗು ಬಿಗಿದಳಂತೆ. ಪಡುವಣದ ತಟ್ಟಿ ಇಳಿಸಿದಳು, ಮೂಡಣದ ತಟ್ಟಿ ಇಳಿಸಿದಳು, ಬಾಗಿಲಿಗೆ ಹಾಯಿಬಟ್ಟೆ ಎಳೆದಳು. ಒಳಗೆಲ್ಲ ಕತ್ತಲೆ. ಬಚ್ಚಿ ಸೂರ್ಯನನ್ನು ಹಿಡಿದು ಹೆಂಡದ ಮಡಕೆಯಲ್ಲಿ ಮುಳುಗಿಸಿದಳು ಎನ್ನುವವರೂ ಇದ್ದಾರೆ. ಗೆರಟೆಯಲ್ಲಿ ಎಣ್ಣೆ ಹೊಯ್ದು ದೀಪ ಹಚ್ಚಿದಳು. "ನನ್ನ ಗಡಂಗಿನಲ್ಲಿ ಸಂಜೆಯಾಯಿತು. ಹೆಣ್ಣೇ, ದೀಪಕ್ಕೆ ಕೈ ಮುಗಿ" ಎಂದಳಂತೆ.

ಸೇಸಮ್ಮ ಕೈ ಮುಗಿದಳು. ಆಮೇಲೆ ಬಾಯಿ ಬಿಟ್ಟಳು ನೋಡಿ!

"ನಿಮ್ಮ ಅತ್ತೆ ಬಂದದ್ದೂ ಸೋಮವಾರವೇ. ಕಡುಬು ತಿನ್ನುವುದರಿಂದ ಅವರ ಬಾಯಿಗೆ ಬಿಡುವಿರಲಿಲ್ಲ, ಇವಳು ಯಾಕೆ ಮಾತಾಡುವುದಿಲ್ಲ ಅಂತ ಒಂದು ಮಾತು ಕೇಳಲಿಕ್ಕೆ. ನಿಮಗಾದರೂ ಕಾಲಿತ್ತಲ್ಲ? ಘಟ್ಟಕ್ಕೆ ಓಡುವ ಕಾಲು ನಮ್ಮ ಮನೆಯ ತನಕ ಬರಲಿಕ್ಕೆ ಆಗಲಿಲ್ಲವಾ? ಹೋಗಿ, ಗಾಡಿ ಕಾಯುತ್ತಿದೆ. ಆದರೆ ಮೂಕಿ ಅಂತ ಹೇಳಿ ಹೋಗಬೇಡಿ. ಬೇಡ ಅಂತ ಹೇಳಿ ಹೋಗಿ."

ಹೊರಗಿನಿಂದ ಉಪ್ಪಿನ ಗಾಡಿಯವನು ಕೂಗಿದ, "ಬರ್ತೀಯೇನೋ, ಇಲ್ವೇನೋ?"

ಅಂತಯ್ಯ ಬಾಗಿಲಿಗೆ ಹೋದ. ಹಾಯಿಬಟ್ಟೆ ಸರಿಸಿ, ಹೋಗು ಹೋಗು ಎಂದು ಕೈ ಬೀಸಿದನಂತೆ. ತಿರುಗಿ ಬಂದು, "ಇನ್ನೂ ಸ್ವಲ್ಪ ಬೈಯಿರಿ" ಎಂದನಂತೆ. ಸೇಸಮ್ಮ ಬೈದಳು. ನೀರು ಏರಿ ದೋಣಿ ತೇಲುವ ತನಕ ಬೈದಳು. ಕೊನೆಕೊನೆಗೆ ಅದು ಬೈಗುಳವೋ ಬೇರೇನೋ ತಿಳಿಯದಾಯಿತು, ಇಬ್ಬರೂ ನಗುತ್ತಿದ್ದರಂತೆ. ಒಂದೇ ದೋಣಿಯಲ್ಲಿ ಆಚೆ ದಡಕ್ಕೆ ಹೋದರು, ಮದುವೆಯೂ ಆಯಿತು. ಸೂರ್ಯ ಮುಳುಗದೆ ಹಚ್ಚಿದ ದೀಪ ದೀಪವೇ ಅಲ್ಲ, ವ್ರತ ಕೆಟ್ಟಿತು ಎಂದು ಭಟ್ಟರು ಗೊಣಗಿದರಂತೆ. ಕೆಟ್ಟ ವ್ರತಕ್ಕೇ ಇಂಥ ಗಂಡ ಸಿಕ್ಕಿದರೆ ಕೆಡದ ವ್ರತ ಯಾರಿಗೆ ಬೇಕು?

ಈಗ ಗಡಂಗಿಲ್ಲ, ಬಚ್ಚಿಯೂ ಇಲ್ಲ. ಆದರೆ ಆ ತಿರುವಿನಲ್ಲಿ ಇವತ್ತಿಗೂ ದಿಬ್ಬಣ ನಿಲ್ಲುತ್ತದೆ. ಮಟಮಟ ಮಧ್ಯಾಹ್ನವಾದರೂ ಒಂದು ಗೆರಟೆಯಲ್ಲಿ ದೀಪ ಹಚ್ಚುತ್ತಾರೆ. ಮದುಮಗಳು ಹೇಳಬೇಕಾದದ್ದನ್ನೆಲ್ಲ ಮದುಮಗನಿಗೆ ಅಲ್ಲಿ ಹೇಳುತ್ತಾಳೆ. ಅವಳು ಮುಗಿಸುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಮೊನ್ನೆ ನಮ್ಮ ಕೇರಿಯ ದಿಬ್ಬಣದ ಬಸ್ಸು ಅಲ್ಲಿ ನಿಂತಾಗ ನಾನೂ ಇದ್ದೆ. ಡ್ರೈವರ್ ಹಾರ್ನ್ ಒತ್ತಿ ಸೋತ, ಮುಹೂರ್ತ ತಪ್ಪುತ್ತದೆಂದು ಭಟ್ಟರು ಬೆವರು ಒರೆಸಿಕೊಂಡರು. ಹುಡುಗಿ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.