ಎಲೆಯ ಮೇಲೆ ಉದುರಿಸಿದ ಉಪ್ಪು

“ಗುರುಗಳೇ, ಪುಟದಲ್ಲಿ ಕಂಡ ತಪ್ಪನ್ನು ಪುಟದಲ್ಲೇ ತಿದ್ದಿದರೆ ಏನು ದೋಷ?” ಎಂದು ಶಿಷ್ಯ ಕೇಳಿದ.

ಕೂಸುಗಳ ಚುಚ್ಚುಮದ್ದಿನ ದಿನವನ್ನು ತಾಯಂದಿರಿಗೆ ತೋರಿಸುವ ವೆಬ್ ಪುಟವನ್ನು ಅವನು ಕಟ್ಟುತ್ತಿದ್ದ. ದಿನಾಂಕ ಒಂದು ದಿನ ಹಿಂದೆ ಬರುತ್ತಿತ್ತು. ಯಾಕೆಂದು ದಿನಾಂಕ ಲೆಕ್ಕಹಾಕುವ ಒಳಗಿನ ಪ್ರೋಗ್ರಾಮಿಗೆ ಹೋಗಿ ಹುಡುಕಲಿಲ್ಲ. ಅದನ್ನು ತೆರೆಯ ಮೇಲೆ ತೋರಿಸುವ ಎಚ್‌ಟಿಎಂಎಲ್ ಟೆಂಪ್ಲೇಟಿನಲ್ಲೇ ಒಂದು ದಿನ ಕೂಡಿಸಿಬಿಟ್ಟ. ಈಗ ಕೆಲವರಿಗೆ ಸರಿಯಾಗಿ, ಕೆಲವರಿಗೆ ಒಂದು ದಿನ ಮುಂದೆ ಬರುತ್ತಿತ್ತು. ಮೂವರು ತಾಯಂದಿರು ನರ್ಸಮ್ಮ ಬಂದುಹೋದ ಮರುದಿನ ಕೂಸು ಎತ್ತಿಕೊಂಡು ಬಂದು, ಅಂಗನವಾಡಿಯ ಬಾಗಿಲಿಗೆ ಬೀಗ ನೋಡಿ ಹಿಂತಿರುಗಿದ್ದರು. ಎಲ್ಲಿ ತಿದ್ದಬೇಕೋ ಅವನಿಗೆ ತಿಳಿಯದಾಗಿತ್ತು.

ಗುರುಗಳು ಹೇಳಿದರು:

ಒಂದು ಮಠದಲ್ಲಿ ಒಬ್ಬ ಅಡುಗೆಯವನಿದ್ದ, ಒಬ್ಬ ಬಡಿಸುವವನಿದ್ದ. ಅಲ್ಲಿಯದು ಮಡಿಯ ಅಡುಗೆ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಹಾಗಿಲ್ಲ. ಅಡುಗೆಯವನ ಕೈ ತಪ್ಪಿದರೆ ಗೊತ್ತಾಗುವುದು ಉಣ್ಣುವವನ ನಾಲಿಗೆಗೇ.

ಒಂದು ದಿನ ಸಾರು ಸಪ್ಪೆಯಾಯಿತು. ಬಡಿಸುವವನು ಒಳಗೆ ಹೋಗಿ ಹೇಳಲಿಲ್ಲ. ಉಪ್ಪಿನ ಬಟ್ಟಲು ಕೈಯಲ್ಲೇ ಇತ್ತು, ಎಲೆಎಲೆಗೂ ಚಿಟಿಕೆ ಉದುರಿಸುತ್ತ ಹೋದ. ಎಲ್ಲರೂ ಭೇಷ್ ಎಂದರು. ಹೊಗಳಿಕೆ ಕೆಟ್ಟದ್ದು ನೋಡು, ಮರುದಿನವೂ ಉದುರಿಸಿದ. ಆಮೇಲೆ ಹುಳಿ ಸಾಲದೆಂದು ನಿಂಬೆ ಹಿಂಡಿದ, ಖಾರ ಹೆಚ್ಚೆಂದು ಬೆಲ್ಲ ಹಾಕಿದ. ಒಳಗೆ ಅಡುಗೆಯವನೂ ಸಡಿಲಾದ. ಒಂದು ದಿನ ಉಪ್ಪು ಹಾಕುವನು, ಒಂದು ದಿನ ಮರೆಯುವನು. ಮರೆತರೆ ಬೈಯುವವರೇ ಇಲ್ಲವಲ್ಲ!

ಆ ಪಂಕ್ತಿಯಲ್ಲಿ ಒಬ್ಬ ಮುದುಕ ಕೂರುತ್ತಿದ್ದ. ಅವನಿಗೆ ಉಪ್ಪು ವಿಷಕ್ಕೆ ಸಮ ಎಂದು ವೈದ್ಯರು ಹೇಳಿದ್ದರು. ಅವನ ಸಾರು ಬೇರೆ ಪಾತ್ರೆಯಲ್ಲಿ ಕುದಿಯುತ್ತಿತ್ತು. ಆದರೂ ಅವನ ಕಾಲು ಊದಿಕೊಂಡಿತು, ಉಸಿರು ಕಟ್ಟತೊಡಗಿತು. ಸ್ವಾಮಿಗಳು ಇಬ್ಬರನ್ನೂ ಕರೆಸಿದರು.

“ಅಜ್ಜನ ಪಾತ್ರೆಗೆ ಹಾಕಿಲ್ಲ ಅಂತಲೇ ನೆನಪು, ಬುದ್ಧಿ. ಆದರೆ ಯಾವ ದಿನ ಯಾವುದಕ್ಕೆ ಹಾಕಿದೆನೋ ಈಗ ಆಣೆ ಇಡಲಾರೆ” ಎಂದ ಅಡುಗೆಯವನು.

“ಅಜ್ಜನ ಎಲೆ ಬಿಟ್ಟೇ ಹೋಗುತ್ತೇನೆ ಅಂದುಕೊಂಡಿದ್ದೆ, ಬುದ್ಧಿ. ಆದರೆ ಕೈ ತನ್ನ ಪಾಡಿಗೆ ಓಡುತ್ತದೆ” ಎಂದ ಬಡಿಸುವವನು.

ಪಾತ್ರೆ ನೋಡಿದರು, ಬಟ್ಟಲು ನೋಡಿದರು. ಏನೂ ತಿಳಿಯಲಿಲ್ಲ. ಯಾರನ್ನು ತಿದ್ದಬೇಕೆಂದು ಗೊತ್ತಾಗದೆ ಇಬ್ಬರನ್ನೂ ಬೈದು ಕಳಿಸಿದರು. ಅದೇ ವಾರ ಮುದುಕ ತೀರಿಕೊಂಡ.

ಗುರುಗಳು ಕತೆ ಅಲ್ಲಿಗೇ ಮುಗಿಸಿದರು. ಶಿಷ್ಯನ ಗೊಂದಲ ಇನ್ನೂ ಹೆಚ್ಚಿತು. ಆ ಮುದುಕನಿಗಾಗಿ ಅವನಿಗೆ ಸಂಕಟವೂ ಆಯಿತು.

“ಹಾಗಾದರೆ ತಪ್ಪು ಯಾರದು, ಗುರುಗಳೇ? ಅಡುಗೆಯವನದೋ, ಬಡಿಸುವವನದೋ?”

“ಅದು ಯಾರಿಗೂ ಗೊತ್ತಾಗದ ಹಾಗೆ ಮಾಡಿಕೊಂಡರಲ್ಲಪ್ಪ, ತಪ್ಪು ಅದೇ.”