ಚೆನ್ನಿಯ ಮರಿಗಳ ಮೂಗು ಒದ್ದೆಯಾದದ್ದು

ಒಣಮೂಗಿನ ನಾಯಿಯನ್ನು ಕಣ್ಣಾರೆ ಕಂಡವನು ಈಗ ಓಬಜ್ಜ ಒಬ್ಬನೇ. ಜೊತೆಗೆ ಕಂಡವರು ಬೇರೆಯವರೂ ಇದ್ದರಂತೆ. ಎಲ್ಲರೂ ತೀರಿಕೊಂಡಿದ್ದಾರೆ, ಹೋಗಿ ಕೇಳುವ ಹಾಗಿಲ್ಲ.

ಅವತ್ತು ಓಬಜ್ಜ ಮೊಮ್ಮಗಳು ಭಾಗಿಯನ್ನು ಕರೆದುಕೊಂಡು ನಾಯಿಮರಿ ತರಲು ದುರ್ಗಮ್ಮನ ಮನೆಗೆ ಬಂದಿದ್ದ. ದುರ್ಗಮ್ಮ ನಾಯಿ ಸಾಕಿ ಮರಿ ಕೊಡುವವಳು. ಅಜ್ಜ ಒಂದೊಂದೇ ಮರಿಯ ಬಾಯಿ ಬಿಡಿಸಿ ನೋಡತೊಡಗಿದಾಗ ಅವಳಿಗೆ ರೇಗಿತು.

"ಯಜಮಾನ್ರೆ, ಮರಿ ಕೆಳಗಿಡಿ. ಹೋಗಿ ಜಗಲಿ ಮೇಲೆ ಕೂತ್ಕಳಿ. ಹುಡುಗಿಗೆ ಬೇಕಾದ್ದು ಹುಡುಗಿ ನೋಡ್ಕಂತಾಳೆ."

ಸುಮ್ಮನೆ ಕೂತರೆ ಓಬಜ್ಜನಿಗೆ ನಾಲಿಗೆ ತುರಿಸುತ್ತದೆ. ಭಾಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ತೆಗೆದ.

ಆಗ ಭೂಮಿ ಹೊಸದು. ಬೆಟ್ಟಗಳೆಲ್ಲ ಆಗತಾನೆ ಇಳಿಸಿದ ರಾಗಿಮುದ್ದೆಯ ಹಾಗೆ ಮೆತ್ತಗಿದ್ದವು. ಓಬಜ್ಜ ಒಂದರ ಮೇಲೆ ಕೂತು ನೋಡುತ್ತಿದ್ದ. ಕೂತಲ್ಲಿ ತಗ್ಗು ಬಿದ್ದದ್ದು ಈಗಲೂ ಹಾಗೇ ಇದೆ.

ಲೋಕಕ್ಕೆಲ್ಲ ಒಬ್ಬನೇ ಮನುಷ್ಯ ಇದ್ದ, ಕರಿಯಣ್ಣ. ಕುರಿ ಕಾಯುತ್ತಿದ್ದ. ಲೋಕಕ್ಕೆಲ್ಲ ಒಂದೇ ತಾಯಿನಾಯಿ ಇತ್ತು, ಚೆನ್ನಿ. ಹಳ್ಳದ ದಂಡೆಯಲ್ಲಿ, ಬಂಡೆಯ ಅಡಿಯಲ್ಲಿ ಮರಿ ಹಾಕಿಕೊಂಡಿದ್ದಳು. ನಾಯಿಗಳ ಮೂಗು ಆಗ ಒರಳುಕಲ್ಲಿನ ಹಾಗೆ ಒಣ ಒಣ.

ಕರಿಯಣ್ಣ ಬರುವುದು ಕಂಡರೆ ಚೆನ್ನಿಯ ಎದೆ ಧಸಕ್ಕೆನ್ನುತ್ತಿತ್ತು. ಹೋದ ಸಲ ಅವನು ಓಡುವ ಹುಚ್ಚಿದ್ದ ಮರಿಯೊಂದನ್ನು ಮೆಚ್ಚಿ ಒಯ್ದಿದ್ದ. ಅದು ಕುರಿಗಳನ್ನೇ ಅಟ್ಟಾಡಿಸಿತು. ಬೇಸತ್ತು ಕಾಡಿಗೆ ಬಿಟ್ಟ. ಚಿರತೆ ತಿಂದಿತು. ಈ ಸಲ ಹಾಗಾಗಕೂಡದು. ಅವನಿಗೆ ಹೊಂದುವ ಮರಿಯೇ ಅವನ ಮನೆಗೆ ಹೋಗಬೇಕು.

ಕರಿಯಣ್ಣ ಬಂದವನೇ ಒಂದು ಮರಿಯ ಬಾಯಿ ಅಗಲಿಸಿದ. ಎತ್ತು ಆರಿಸಿ ಗೊತ್ತಿತ್ತೇ ಹೊರತು ಅವನಿಗೆ ಬೇರೆ ಗೊತ್ತಿರಲಿಲ್ಲ.

"ಇದಕ್ಕೆ ಹಲ್ಲೇ ಇಲ್ಲ! ಮುದಿಯಾಗೈತೆ!"

"ಮೊಲೆ ಬಿಡದ ಕೂಸಿಗೆ ಎಲ್ಲಿ ಹಲ್ಲು? ಶಿವನೇ, ಇದು ಎತ್ತಲ್ಲ ಕಣಪ್ಪ, ನಾಯಿ!" ಎಂದಳು ಚೆನ್ನಿ.

ಮಾರನೆಯ ದಿನ ಬಂದು ಮರಿಗಳ ಹಣೆ, ಬೆನ್ನು, ಹೊಟ್ಟೆ ಎಲ್ಲ ಕೆದಕಿ ಸುಳಿ ಹುಡುಕಿದ. "ಯಾವುದಕ್ಕೂ ಒಳ್ಳೆ ಸುಳಿ ಇಲ್ಲ. ಗೊರಸಂತೂ ಮೊದಲೇ ಇಲ್ಲ."

"ಶಿವನೇ, ಇದು ಎತ್ತಲ್ಲ ಕಣಪ್ಪ, ನಾಯಿ!"

ಮತ್ತೊಂದು ದಿನ ನೊಗವನ್ನೇ ಹೊತ್ತು ತಂದ. ಕೊರಳ ಅಳತೆ ನೋಡಬೇಕಂತೆ. ಚೆನ್ನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಚಚ್ಚಿಕೊಳ್ಳೋಣವೆಂದರೆ ಬಂಡೆಗಳೆಲ್ಲ ಇನ್ನೂ ಮೆತ್ತಗೆ.

ಮೂಲೆಯಲ್ಲಿ ಒಂದು ಮರಿ ಮುದುರಿ ಮಲಗಿತ್ತು. ಕರಿಯಣ್ಣನ ಮುಖ ಅರಳಿತು. "ಇದು ನೋಡು, ಎಷ್ಟು ಸಾಧು! ಕೂಗಾಟ ಇಲ್ಲ, ಕುಣಿದಾಟ ಇಲ್ಲ. ನಂಗೆ ಇದೇ ಸರಿ."

"ಅದು ಸಾಧು ಅಲ್ಲ ಮಾರಾಯ, ಅದಕ್ಕೆ ಜ್ವರ! ಮುಟ್ಟಿ ನೋಡು, ಕಾದ ಹೆಂಚಾಗೈತೆ!"

"ಕೊಡೋಕೆ ಇಷ್ಟ ಇಲ್ಲದೆ ನೆಪ ಹೇಳ್ತೀಯ" ಎಂದು ಕರಿಯಣ್ಣ ಮರಿಯನ್ನು ಕಂಬಳಿಯಲ್ಲಿ ಸುತ್ತತೊಡಗಿದ.

ಚೆನ್ನಿ ಹಳ್ಳದ ಕಡೆ ತಿರುಗಿ ಒಂದೇ ಸಮನೆ ಊಳಿಟ್ಟಳು. "ಹಳ್ಳವ್ವಾ, ನನ್ನ ಮಾತು ಇವನ ಕಿವಿಗೆ ಹೋಗ್ತಿಲ್ಲ. ಇವನ ಕೈಗೆ ತಿಳಿಯೋ ಹಂಗೆ ಒಂದು ಗುರುತಾದ್ರೂ ಹಾಕವ್ವಾ!"

ಹಳ್ಳಕ್ಕೂ ಸಾಕಾಗಿ ಹೋಗಿತ್ತು. "ದಿನಾ ಇದೇ ರಗಳೆ ಆಯ್ತಲ್ಲ, ನೆಮ್ಮದಿಯಾಗಿ ಹರಿಯೋಕೂ ಬಿಡಲ್ಲ ನೀವು!" ಎಂದು ಸಿಡುಕುತ್ತ ದಂಡೆ ಹತ್ತಿ ಬಂದು, ಒಂದೊಂದು ಮರಿಯ ಮೂಗಿಗೂ ಒಂದೊಂದು ಹನಿ ಒತ್ತಿತು.

ಗಟ್ಟಿಮುಟ್ಟಾದ ಮರಿಗಳ ಮೂಗಿನಲ್ಲಿ ಹನಿ ಹಾಗೇ ನಿಂತಿತು, ತಣ್ಣಗೆ. ಜ್ವರದ ಮರಿಯ ಮೂಗಿನ ಹನಿ ಚೊಂಯ್ ಎಂದು ಆರಿಹೋಯಿತು. ಕರಿಯಣ್ಣ ಬೆರಳಿಟ್ಟು ನೋಡಿದ. ಬೆರಳು ಚುರುಕ್ ಎಂದಿತು. ತೆಪ್ಪಗೆ ಆ ಮರಿಯನ್ನು ತಾಯಿಯ ಹೊಟ್ಟೆಯ ಪಕ್ಕ ಮಲಗಿಸಿದ.

"ಆಯ್ತು. ಉಳಿದವುಗಳೊಳಗೆ ಯಾವುದು?" ಎಂದು ಮತ್ತೆ ನೊಗಕ್ಕೆ ಕೈ ಹಾಕಿದ.

"ನೊಗ ಬಿಡೋ!" ಚೆನ್ನಿ ಗುರ್ರೆಂದಳು. "ನೀನು ಆರಿಸಿದ್ದು ಸಾಕು. ಕೂತ್ಕೋ. ಇನ್ನು ಅವು ನಿನ್ನನ್ನ ನೋಡ್ತವೆ."

ಕರಿಯಣ್ಣ ಕೂತ. ಒದ್ದೆ ಮೂಗಿಗೆ ವಾಸನೆ ಅಂಟುತ್ತದೆ ಎಂದು ಲೋಕಕ್ಕೆ ತಿಳಿದದ್ದೇ ಆಗ. ಮೊದಲ ಮರಿ ಅವನ ಪಾದ ಮೂಸಿ, ಸೀನಿ, ಹೊರಟುಹೋಯಿತು. ಇನ್ನೊಂದು ಪಂಚೆಯ ಅಂಚು ಕಚ್ಚಿ ಎಳೆದಾಡಿತು. "ಇದೂ ಕುರಿ ಅಟ್ಟಾಡಿಸೋ ಜಾತಿ, ಬೇಡ" ಎಂದಳು ಚೆನ್ನಿ. ಕೊನೆಯದು ನಿಧಾನಕ್ಕೆ ಬಂದು ಹೆಬ್ಬೆರಳು ಮೂಸಿತು, ಹಿಮ್ಮಡಿ ಮೂಸಿತು. ಕುರಿಯ ವಾಸನೆ, ಹೊಗೆಯ ವಾಸನೆ, ಕಂಬಳಿಯ ವಾಸನೆ. ಆಮೇಲೆ ಅವನ ಪಾದದ ಮೇಲೇ ಗಲ್ಲ ಇಟ್ಟು ಮಲಗಿತು.

"ಹಲ್ಲು ನೋಡೋದು ಬೇಡ್ವಾ?" ಕರಿಯಣ್ಣ ಮೆಲ್ಲಗೆ ಕೇಳಿದ.

"ಎದ್ದು ಮನೆಗೆ ಹೋಗಪ್ಪ!" ಎಂದಳು ಚೆನ್ನಿ. ಆ ಮರಿ ಅವನ ಕುರಿ ಕಾದು ಮುದಿಯಾಗಿಯೇ ಸತ್ತಿತು.

"ಅದಕ್ಕೇ ಕಣವ್ವ," ಎಂದ ಓಬಜ್ಜ, "ಇವತ್ತಿಗೂ ನಾಯಿ ಮೂಗು ತಣ್ಣಗೆ ಒದ್ದೆ. ಇವತ್ತಿಗೂ ಹೊಸಬರು ಬಂದ್ರೆ ನಾಯಿ ಮೊದಲು ಕಾಲು ಮೂಸ್ತದೆ."

ಅಷ್ಟರಲ್ಲಿ ದುರ್ಗಮ್ಮನ ಮರಿಗಳಲ್ಲಿ ಒಂದು, ಕಿವಿ ಮಡಿಚಿದ್ದು, ಜಗಲಿಯ ಹತ್ತಿರ ಬಂತು. ಅಜ್ಜನ ಕಾಲು ಮೂಸಿ ಸೀನಿತು. ಭಾಗಿಯ ಕಾಲು ಮೂಸಿತು, ಮತ್ತೆ ಮೂಸಿತು, ಅಲ್ಲೇ ಕುಕ್ಕರಿಸಿತು.

"ಮುಗೀತು. ಅದು ಆರಿಸ್ಕಂತು" ಎಂದಳು ದುರ್ಗಮ್ಮ.

ಭಾಗಿ ಮರಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಅದರ ಮೂಗಿಗೆ ಬೆರಳಿಟ್ಟಳು. ತಣ್ಣಗಿತ್ತು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಅಜ್ಜ, ಲೋಕಕ್ಕೆಲ್ಲ ಒಬ್ಬನೇ ಮನುಷ್ಯ ಇದ್ದ ಅಂದ್ಯಲ್ಲ. ಮತ್ತೆ ಬೆಟ್ಟದ ಮೇಲೆ ಕೂತಿದ್ದ ನೀನ್ಯಾರು?"

ದುರ್ಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಓಬಜ್ಜ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಆಗ ಕೆಲಸ ಮಾಡೋರನ್ನ ಮಾತ್ರ ಎಣಿಸ್ತಿದ್ರು ಕಣವ್ವ. ನಾವು ಸುಮ್ನೆ ನೋಡೋರು."