ಬಿಗಿ ಮುಚ್ಚಳ

ಬೊಳ್ಳವ್ವ ಮನೆಯಲ್ಲೇ ಬಾರ್ಲಿ ಬಿಯರ್ ಮಾಡಲು ಹೊರಟು, ಜಾಡಿಯಲ್ಲಿ ಹುದುಗು ಬರಲು ಇಟ್ಟಿದ್ದಳು. ಜಾಡಿಯ ಬಾಯಿಂದ ಹೊರಟ ರಬ್ಬರ್ ಕೊಳವೆಯ ತುದಿ, ಹುದುಗುವಾಗ ಏಳುವ ಗಾಳಿ ಹೊರಹೋಗಲೆಂದು, ನೀರಿನ ಲೋಟದಲ್ಲಿ ಮುಳುಗಿತ್ತು. ಜಾಡಿಯಲ್ಲಿ ಹಿಡಿಸದೆ ಮಿಕ್ಕಿದ್ದನ್ನು ಗಾಜಿನ ಬಾಟಲಿಗೆ ಸುರಿದು ಮುಚ್ಚಳ ಬಿಗಿದಿದ್ದಳು.

ಕೊಳವೆ ಹಗಲಿರುಳೂ ಗುಳುಗುಳು ಎನ್ನುವುದನ್ನು ಕೇಳಿ ಕೇಳಿ ಮುಚ್ಚಳಕ್ಕೆ ರೇಗಿತು. "ಒಳಗಿನ ಕುದಿಯನ್ನೆಲ್ಲ ಬೀದಿಗೆ ಹಾಕುತ್ತೀಯಲ್ಲ, ನಾಚಿಕೆಯಿಲ್ಲವೇ? ನನ್ನ ಬಾಟಲಿಯನ್ನು ನೋಡು, ಪಿಟ್ಟೆನ್ನುವುದಿಲ್ಲ."

"ಮುಚ್ಚಳಣ್ಣಾ, ಕುದಿಯುವವರು ಉಸಿರು ಬಿಡಲೇಬೇಕು. ಸ್ವಲ್ಪ ಸಡಿಲವಾಗು," ಎಂದಿತು ಕೊಳವೆ.

"ನಾನಿರುವವರೆಗೆ ಅದು ಬಾಯಿ ಬಿಡುವುದುಂಟೇ?" ಎಂದು ಮುಚ್ಚಳ ಇನ್ನಷ್ಟು ಬಿಗಿಯಿತು.

ಮರುದಿನ ಢಂ ಎಂಬ ಸದ್ದಿಗೆ ಬೊಳ್ಳವ್ವ ಓಡಿ ಬಂದಳು. ಗಾಜಿನ ಚೂರುಗಳ ನಡುವೆ ಬಾಟಲಿಯ ಕತ್ತೊಂದೇ ಉಳಿದಿತ್ತು. ಅದರ ಬಾಯನ್ನು ಮುಚ್ಚಳ ಇನ್ನೂ ಬಿಗಿಯಾಗಿ ಹಿಡಿದುಕೊಂಡೇ ಇತ್ತು.